ಆರ್‌ಪಿಜಿ ಗೇಮ್ ಮಜಾ ಬರೋದು ಯಾಕೆ, ಬರದೇ ಇರೋದು ಯಾಕೆ: ಪದೇ ಪದೇ ಕೇಳೋ ಪ್ರಶ್ನೆಗಳು

ತುಮಕೂರಲ್ಲಿ ಗೇಮ್ ಆಡೋರು ಕಮ್ಮಿ ಏನಿಲ್ಲ, ಆದ್ರೆ ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಅಂದ್ರೆ ಒಂದು ಪಾತ್ರ ಆಗಿ ಕಥೆ ಆಡೋದು) ಅಂದ ತಕ್ಷಣ ಅರ್ಧ ಜನ 'ಅಯ್ಯೋ ಓದೋದು ಜಾಸ್ತಿ ಗುರು' ಅಂತ ಹಿಂದೆ ಸರೀತಾರೆ, ಇನ್ನರ್ಧ ಜನ ಶುರು ಮಾಡಿ ವಾರದೊಳಗೆ ಅನ್‌ಇನ್‌ಸ್ಟಾಲ್ ಮಾಡ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಕೂತಾಗೆಲ್ಲ ಇದೇ ಚರ್ಚೆ, ಅದೇ ಪ್ರಶ್ನೆಗಳು ಸುತ್ತಿ ಸುತ್ತಿ ಬರ್ತವೆ. ಅದಕ್ಕೇ ಎಲ್ಲಾ ಒಂದ್ಕಡೆ ಬರೆದಿಟ್ಟಿದೀನಿ. ಅಲ್ಲಲ್ಲಿ ಹಳೇ ಗೇಮ್‌ಗಳ ಸ್ಪಾಯ್ಲರ್ (ಕಥೆಯ ಗುಟ್ಟು) ಇದೆ, ಮೊದಲೇ ಹೇಳಿದೀನಿ, ಆಮೇಲೆ ಬೈಬೇಡಿ.

ಬಿಜಿಎಂಐ, ಫ್ರೀ ಫೈರ್ ಎಲ್ಲಾ ಆರ್‌ಪಿಜಿನಾ? ಅಲ್ಲೂ ಲೆವೆಲ್ ಇರುತ್ತಲ್ಲ?

ಅಲ್ಲ. ಅಲ್ಲಿ ಏರೋದು ನಿಮ್ಮ ಅಕೌಂಟಿನ ಲೆವೆಲ್ಲು, ಮ್ಯಾಚ್ ಶುರುವಾದಾಗ ಎಲ್ರೂ ಬರಿಗೈಲೇ ಇಳೀಬೇಕು. ಆರ್‌ಪಿಜಿಲಿ ಒಂದು ಪಾತ್ರ ಇರುತ್ತೆ, ಅದು ಬೆಳೆಯುತ್ತೆ, ಬೆಳೆದಿದ್ದು ಹಾಗೇ ಉಳಿಯುತ್ತೆ, ಅದರ ಸುತ್ತ ಒಂದು ಕಥೆ ಓಡುತ್ತೆ.

ಇದು ಹುಟ್ಟಿದ್ದು ಕಂಪ್ಯೂಟರಲ್ಲೇ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ರೂ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದ್ರು, ಟೇಬಲ್ ಸುತ್ತ ಕೂತು ಪೇಪರು, ಪೆನ್ಸಿಲ್ಲು, ದಾಳ ಇಟ್ಕೊಂಡು ಆಡೋದು. ಅದರಲ್ಲಿ ಕಥೆ ನಡೆಸೋಕೆ ಒಬ್ರು ಡಂಜನ್ ಮಾಸ್ಟರ್ ಇರ್ತಾರೆ. ನೀವು 'ಬಾಗಿಲು ಒಡೆಯಲ್ಲ, ಗೋಡೆ ಹತ್ತಿ ಚಾವಣಿಯಿಂದ ಇಳೀತೀನಿ' ಅಂದ್ರೆ ಅವರು ಒಂದ್ನಿಮಿಷ ಯೋಚನೆ ಮಾಡಿ 'ಸರಿ, ದಾಳ ಹಾಕು' ಅಂತಾರೆ. 1981ರಲ್ಲಿ ವಿಝರ್ಡ್ರಿ, ಅಲ್ಟಿಮಾ ಬಂದು ಇದನ್ನ ಕಂಪ್ಯೂಟರಲ್ಲಿ ಜನಪ್ರಿಯ ಮಾಡಿದ್ವು, ಜಪಾನಿನಿಂದ 1986ಕ್ಕೆ ಡ್ರ್ಯಾಗನ್ ಕ್ವೆಸ್ಟ್, 1987ಕ್ಕೆ ಫೈನಲ್ ಫ್ಯಾಂಟಸಿ. ಲೆಕ್ಕ ಹಾಕೋದು, ದಾಳ ಹಾಕೋದು ಎಲ್ಲಾ ಕಂಪ್ಯೂಟರ್ ಸಲೀಸಾಗಿ ಮಾಡ್ತು, ಆದ್ರೆ ಎದುರಿಗೆ ಕೂತು ನೀವು ಮಾಡಿದ್ದನ್ನ ಗಮನಿಸೋ ಆ ಮನುಷ್ಯ ಇಲ್ವಲ್ಲ! ಅವತ್ತಿಂದ ಇವತ್ತಿನವರೆಗೂ ಒಳ್ಳೇ ಆರ್‌ಪಿಜಿ ಮಾಡೋರ ಒದ್ದಾಟ ಎಲ್ಲಾ ಆ ಖಾಲಿ ಕುರ್ಚಿ ತುಂಬೋದೇ.

ಹಂಗಾದ್ರೆ ಒಂದೇ ಒಂದು ಫೀಚರ್ ಹೇಳಿ, ಯಾವ್ದು ಮುಖ್ಯ?

ನಾನು ಮಾಡಿದ್ದು ಗೇಮ್‌ಗೆ ಗೊತ್ತಾಗ್ಬೇಕು. ಅಷ್ಟೇ. ಗ್ರಾಫಿಕ್ಸು, ಮ್ಯಾಪ್ ಸೈಜು, ಎಷ್ಟು ನೂರು ಗಂಟೆ ಆಡ್ಬಹುದು ಅನ್ನೋದೆಲ್ಲ ಆಮೇಲೆ.

ಉದಾಹರಣೆಗೆ 1995ರ ಕ್ರೋನೋ ಟ್ರಿಗರ್ ತಗೊಳ್ಳಿ. ಶುರುವಲ್ಲಿ ಒಂದು ಜಾತ್ರೆ. ಅಲ್ಲಿ ಒಬ್ಬ ಮುದುಕಪ್ಪನ ಊಟದ ಪೊಟ್ಟಣ ಇಟ್ಟಿರುತ್ತೆ, ಗೇಮ್ ಅಭ್ಯಾಸ ಇರೋರು ಏನ್ ಕಂಡ್ರೂ ಬಟನ್ ಒತ್ತೋದಲ್ವಾ, ತಿಂದುಬಿಡ್ತಾರೆ. ಒಂದು ಪುಟ್ಟ ಹುಡುಗಿ ಬೆಕ್ಕು ಕಳ್ಕೊಂಡಿರ್ತಾಳೆ, ಹುಡುಕಿ ಕೊಡ್ಬಹುದು, ಬಿಡ್ಬಹುದು. ಇನ್ನೊಬ್ಬ ಹುಡುಗಿ ಡಿಕ್ಕಿ ಹೊಡೆದು ಬೀಳ್ತಾಳೆ, ಅವಳ ಪೆಂಡೆಂಟ್ ಕೆಳಗೆ ಬಿದ್ದಿರುತ್ತೆ, ಮೊದಲು ಅವಳನ್ನ ಮಾತಾಡಿಸ್ತೀರೋ ಪೆಂಡೆಂಟ್ ಎತ್ಕೋತೀರೋ? ಇವೆಲ್ಲ ಮರೆತೇ ಹೋದ್ಮೇಲೆ ನಿಮ್ಮ ಮೇಲೆ ಒಂದು ಕೇಸ್ ಬೀಳುತ್ತೆ, ಕೋರ್ಟಲ್ಲಿ ಇವೇ ಒಂದೊಂದಾಗಿ ಸಾಕ್ಷಿಯಾಗಿ ಬರ್ತವೆ! ಆ ಮುದುಕಪ್ಪನೇ ಬಂದು ನನ್ನ ಊಟ ತಿಂದ ಅಂತಾನೆ. ತಮಾಷೆ ಅಂದ್ರೆ ತೀರ್ಪು ಏನೇ ಬಂದ್ರೂ ಮುಖ್ಯ ಕಥೆ ಅಷ್ಟೇನೂ ಬದಲಾಗಲ್ಲ, ಜೈಲಂತೂ ತಪ್ಪಲ್ಲ. ಆದ್ರೂ 30 ವರ್ಷ ಆದ್ಮೇಲೂ ಜನ ಆ ಸೀನ್ ಬಗ್ಗೆ ಮಾತಾಡ್ತಾರೆ, ಯಾಕಂದ್ರೆ ಯಾರೂ ನೋಡ್ತಿಲ್ಲ ಅಂದ್ಕೊಂಡು ಮಾಡಿದ್ದನ್ನ ಗೇಮ್ ನೋಡ್ತಾ ಇತ್ತು.

ಆದ್ರೆ ನಾಲ್ಕು ಡೈಲಾಗ್ ಆಪ್ಷನ್ ಕೊಟ್ಟು ಎಲ್ಲದಕ್ಕೂ ಒಂದೇ ಉತ್ತರ ಬರುತ್ತಲ್ಲ, ಇದು ಮೋಸ ಅಲ್ವಾ?

ಮೋಸನೇ, ಆದ್ರೆ ಸ್ವಲ್ಪ ಲೆಕ್ಕ ನೋಡಿ. ಎರಡೆರಡು ದಾರಿಯ 10 ಆಯ್ಕೆ ಕೊಟ್ಟು ಪ್ರತಿಯೊಂದನ್ನೂ ನಿಜವಾಗ್ಲೂ ಬೇರೆ ಬೇರೆ ಕಥೆ ಮಾಡ್ತೀನಿ ಅಂದ್ರೆ 1024 ಕಥೆ ಬರೀಬೇಕು, ಅದನ್ನ ಯಾವ ಕಂಪನಿನೂ ಮಾಡಲ್ಲ. ಅದಕ್ಕೇ ಕವಲೊಡೆದ ಕಥೆ ಸ್ವಲ್ಪ ದೂರ ಹೋಗಿ ಮತ್ತೆ ಒಂದೇ ದಾರಿಗೆ ಸೇರುತ್ತೆ. ಜಾಣರು ಏನ್ಮಾಡ್ತಾರೆ ಅಂದ್ರೆ ದಾರಿ ಸೇರಿದ್ಮೇಲೂ ನೀವು ಯಾವ ಕಡೆಯಿಂದ ಬಂದ್ರಿ ಅನ್ನೋ ನೆನಪನ್ನ ಉಳಿಸ್ತಾರೆ, ಯಾರೋ ಒಬ್ರು ಒಂದು ಸಾಲಲ್ಲಿ ಹಂಗಿಸ್ತಾರೆ, ಅಂಗಡಿಯವನು ರೇಟ್ ಏರಿಸ್ತಾನೆ, ಒಂದು ಬಾಗಿಲು ಮುಚ್ಚಿರುತ್ತೆ.

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2007ರ ಮೊದಲನೇ ವಿಚರ್‌ನಲ್ಲಿ ಇನ್ನೊಂದು ಉಪಾಯ ಮಾಡಿದ್ರು: ಫಲ ತಡವಾಗಿ ಬರೋದು. ಇವತ್ತು ತಗೊಂಡ ತೀರ್ಮಾನ ಗಂಟೆಗಟ್ಟಲೆ ಆಡಿದ್ಮೇಲೆ ಕಚ್ಚುತ್ತೆ, ಅಷ್ಟೊತ್ತಿಗೆ ಹಳೇ ಸೇವ್ ಲೋಡ್ ಮಾಡಿ ಹಿಂದಿನಿಂದ ಆಡೋಕೆ ಯಾರಿಗೆ ಮನಸ್ಸು ಬರುತ್ತೆ? 2015ರ ಅಂಡರ್‌ಟೇಲ್ ಅಂತೂ ಲೋಡ್ ಮಾಡಿದ್ದನ್ನೂ ಗಮನಿಸುತ್ತೆ. ಒಬ್ರನ್ನ ಕೊಂದು, ಅಯ್ಯೋ ಪಾಪ ಅನ್ನಿಸಿ, ಹಿಂದಕ್ಕೆ ಹೋಗಿ ಉಳಿಸಿದ್ರೂ ಆಮೇಲೆ ಒಂದು ಪಾತ್ರ ಬಂದು ನೀವು ಮಾಡಿದ್ದನ್ನ ಆಡಿ ತೋರಿಸುತ್ತೆ. ಮೈ ಜುಂ ಅನ್ನುತ್ತೆ.

ಲೆವೆಲ್ ಅಪ್ ಆದ್ರೆ ಅಷ್ಟೊಂದು ಖುಷಿ ಯಾಕೆ?

ನಂಬರ್ ಏರಿದ್ದಕ್ಕೆ ಅಲ್ಲ, ನಿನ್ನೆ ಆಗದೇ ಇದ್ದಿದ್ದು ಇವತ್ತು ಆಯ್ತಲ್ಲ ಅದಕ್ಕೆ. 2001ರ ಜರ್ಮನಿಯ ಗೋಥಿಕ್ ಇದನ್ನ ಎಷ್ಟು ಚೆನ್ನಾಗಿ ತೋರಿಸುತ್ತೆ ಅಂದ್ರೆ, ಶುರುವಲ್ಲಿ ನಿಮ್ಮ ಹೀರೋ ಒಂಟಿಗೈ ಕತ್ತಿನ ಎರಡು ಕೈಲಿ ಹಿಡ್ಕೊಂಡು ಕಟ್ಟಿಗೆ ಒಡೆಯೋ ಥರ ಬೀಸ್ತಾನೆ, ಗುರು ಹತ್ರ ಹೋಗಿ ಕಲಿತ್ಮೇಲೆ ಹಿಡಿಯೋ ರೀತಿನೇ ಬದಲಾಗುತ್ತೆ. ಮೆನು ತೆಗೆದು ನಂಬರ್ ನೋಡೋ ಅವಶ್ಯಕತೆನೇ ಇಲ್ಲ, ಕಣ್ಣಿಗೆ ಕಾಣುತ್ತೆ.

ಇದರ ಉಲ್ಟಾ ನೋಡ್ಬೇಕಂದ್ರೆ 2006ರ ಆಬ್ಲಿವಿಯನ್. ನಂಗೆ ಬಹಳ ಇಷ್ಟದ ಗೇಮ್, ಆದ್ರೂ ಹೇಳ್ತೀನಿ. ಅಲ್ಲಿ ನೀವು ಲೆವೆಲ್ ಏರಿದಷ್ಟೂ ಶತ್ರುಗಳೂ ಏರ್ತಾರೆ. ಕೊನೆಗೆ ರಸ್ತೇಲಿ ಅಡ್ಡ ಹಾಕಿ 100 ಚಿನ್ನದ ನಾಣ್ಯ ಕೇಳೋ ದರೋಡೆಕೋರ ಹಾಕ್ಕೊಂಡಿರೋದು ಆ ಗೇಮಲ್ಲಿ ಭಾರಿ ಬೆಲೆಬಾಳೋ ಗಾಜಿನ ರಕ್ಷಾಕವಚ, ಅದನ್ನ ಮಾರಿದ್ರೆ ಅವನು ಕಳ್ಳತನನೇ ಬಿಡ್ಬಹುದಿತ್ತು! ಶ್ರಮಪಟ್ಟು ಬೆಳೆದವರಿಗೆ ಬೆಳೆದ್ವಿ ಅನ್ನೋದೇ ಗೊತ್ತಾಗಲ್ಲ. ಹಳೇ ಜಾಗಕ್ಕೆ ವಾಪಸ್ ಹೋದಾಗ ಅವತ್ತು ಓಡಿಸಿಕೊಂಡು ಬಂದ ಮೃಗ ಇವತ್ತು ಎರಡೇಟಿಗೆ ಬಿದ್ರೇನೇ ಲೆವೆಲ್‌ಗೆ ಬೆಲೆ.

ಗ್ರೈಂಡಿಂಗ್ (ಲೆವೆಲ್ ಏರಿಸೋಕೆ ಒಂದೇ ಕೆಲಸ ಪದೇ ಪದೇ ಮಾಡೋದು) ಇಲ್ದೆ ಆರ್‌ಪಿಜಿ ಆಗಲ್ವಾ?

ಆಗುತ್ತೆ. ಸ್ವಲ್ಪ ಇದ್ರೂ ಪರವಾಗಿಲ್ಲ, ಹಾಡು ಹಾಕ್ಕೊಂಡು ಅರ್ಧ ಗಂಟೆ ರಾಕ್ಷಸರನ್ನ ಹೊಡೆಯೋದ್ರಲ್ಲೂ ಒಂಥರಾ ನೆಮ್ಮದಿ ಇದೆ. ಸಮಸ್ಯೆ ಬರೋದು ಬೇಜಾರಿನ ಕೆಲಸಕ್ಕೇ ಜಾಸ್ತಿ ಕೂಲಿ ಕೊಟ್ಟಾಗ. ಸ್ಕೈರಿಮ್ 2011ರಲ್ಲಿ ಬಂದ ಹೊಸದರಲ್ಲಿ ಯಾವ ಆಯುಧ ಮಾಡಿದ್ರೂ ಕಮ್ಮಾರಿಕೆ ಒಂದೇ ಥರ ಏರ್ತಿತ್ತು, ಅದಕ್ಕೆ ಜನ ಡ್ರ್ಯಾಗನ್ ಬಿಟ್ಟು ಕುಲುಮೆ ಮುಂದೆ ಕೂತು ಕಬ್ಬಿಣದ ಚೂರಿನ ನೂರುಗಟ್ಟಲೆ ಮಾಡ್ತಾ ಕೂತ್ರು. ಆಮೇಲೆ ವಸ್ತುವಿನ ಬೆಲೆ ಮೇಲೆ ಪಾಯಿಂಟ್ ಸಿಗೋ ಹಂಗೆ ಗೇಮನ್ನ ತಿದ್ದೋ ಪ್ಯಾಚ್ ಬಂತು. ಆಡೋರು ಯಾವಾಗ್ಲೂ ಹತ್ರದ ದಾರಿನೇ ಹಿಡಿಯೋದು, ಆ ಹತ್ರದ ದಾರಿನೇ ಮಜಾ ಇರೋ ಹಂಗೆ ಮಾಡೋದು ಡಿಸೈನರ್ ಕೆಲಸ.

ಇದಕ್ಕೆ ನಂಟಿರೋ ಇನ್ನೊಂದು ಕಥೆ ನಂಗೆ ಬಹಳ ಇಷ್ಟ. 2004ರ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬೀಟಾದಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷೆಯಲ್ಲಿ) ಇದ್ದಾಗ, ತುಂಬಾ ಹೊತ್ತು ಆಡಿದೋರಿಗೆ ಸುಸ್ತು ಅಂತ ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ಅರ್ಧ ಮಾಡ್ತಿದ್ರು. ಜನ ಸಿಟ್ಟಾದ್ರು. ಕಂಪನಿಯವರು ಲೆಕ್ಕ ಮುಟ್ಟಲಿಲ್ಲ, ಹೆಸರು ಬದಲಾಯಿಸಿದ್ರು ಅಷ್ಟೇ: ವಿಶ್ರಾಂತಿ ತಗೊಂಡು ಬಂದ್ರೆ 200%, ಅದು ಖಾಲಿಯಾದ್ಮೇಲೆ ಮಾಮೂಲಿ 100%. ಅದೇ ಅರ್ಧ, ಆದ್ರೆ ಈಗ ಬೋನಸ್! ಬೈತಿದ್ದೋರೇ ಹೊಗಳಿದ್ರು.

ಏಟು ಬೀಳೋ ಚಾನ್ಸ್ 90% ಅಂತ ತೋರಿಸಿ ಮಿಸ್ ಆಗುತ್ತೆ, ಗೇಮ್ ಚೀಟ್ ಮಾಡುತ್ತಾ?

ಎಷ್ಟೋ ಗೇಮ್ ಚೀಟ್ ಮಾಡುತ್ತೆ, ಆದ್ರೆ ನಿಮ್ಮ ಪರವಾಗಿ.

ಚೌಕಾಬಾರ ಆಡುವಾಗ ಕವಡೆ ಸತತವಾಗಿ ಕೈ ಕೊಟ್ರೆ ಅಜ್ಜಿ ಮೇಲೇ ಅನುಮಾನ ಬರುತ್ತಲ್ಲ, ಹಂಗೇ ಇದು. ನಿಜವಾದ 90% ಅಂದ್ರೆ ಸರಾಸರಿ ಹತ್ತಕ್ಕೊಂದು ತಪ್ಪುತ್ತೆ, ಆದ್ರೆ ನಮ್ಮ ಮನಸ್ಸಿಗೆ 90 ಅಂದ್ರೆ ಗ್ಯಾರಂಟಿ. ಜಪಾನಿನ ಫೈರ್ ಎಂಬ್ಲಮ್ ಸರಣಿಯವರು 2002ರ ಗೇಮ್ ಬಾಯ್ ಅಡ್ವಾನ್ಸ್ ಗೇಮಿಂದ ಒಂದು ಬದಲು ಎರಡು ನಂಬರ್ ಎತ್ತಿ ಅದರ ಸರಾಸರಿ ನೋಡೋಕೆ ಶುರು ಮಾಡಿದ್ರು. ಹಿಂಗೆ ಮಾಡಿದ್ರೆ ಸ್ಕ್ರೀನ್ ಮೇಲೆ 90 ಅಂತಿರೋದು ಒಳಗೆ ಸುಮಾರು 98 ಆಗುತ್ತೆ, 10 ಅಂತಿರೋದು 2ರ ಹತ್ರ ಇಳಿಯುತ್ತೆ. ಸುಳ್ಳು ನಂಬರ್, ಆದ್ರೆ ಆಡೋರಿಗೆ ಅದೇ ನ್ಯಾಯ ಅನ್ಸುತ್ತೆ. 2023ರ ಬಾಲ್ಡರ್ಸ್ ಗೇಟ್ 3ರಲ್ಲೂ ಕಾರ್ಮಿಕ್ ಡೈಸ್ ಅಂತ ಒಂದು ಸೆಟ್ಟಿಂಗ್ ಇದೆ, ಸಾಲಾಗಿ ಸೋಲು ಬರದ ಹಾಗೆ ನೋಡ್ಕೊಳ್ಳುತ್ತೆ, ಬೇಡ ಅಂದ್ರೆ ಆಫ್ ಮಾಡ್ಬಹುದು.

ಆ ಗೇಮಿನ ಇನ್ನೊಂದು ಒಳ್ಳೇ ಗುಣ ದಾಳ ಕಣ್ಣೆದುರಿಗೇ ಉರುಳೋದು. 20 ಮುಖದ ದಾಳ, ಬೇಕಾಗಿರೋದು 15, ನಿಮ್ಮ ಬೋನಸ್ 3 ಅಂದ್ರೆ 12 ಅಥವಾ ಅದಕ್ಕಿಂತ ಜಾಸ್ತಿ ಬೀಳ್ಬೇಕು, ಅಂದ್ರೆ 45%. 1 ಬಿದ್ರೆ ಬೋನಸ್ ಎಷ್ಟಿದ್ರೂ ಸೋಲು, 20 ಬಿದ್ರೆ ಗೆಲುವು. ಸೋತ್ರೂ ಕಣ್ಣಾರೆ ಕಂಡು ಸೋತಿರ್ತೀವಿ, ಅದಕ್ಕೆ ಅಷ್ಟು ಉರಿಯಲ್ಲ.

ದಾಳನೇ ಬೇಡ ಅನ್ನೋರೂ ಇದ್ದಾರೆ. 2010ರ ಫಾಲೌಟ್ ನ್ಯೂ ವೆಗಾಸ್‌ನಲ್ಲಿ ಮಾತಿನ ಕೌಶಲ ಇಷ್ಟಿದ್ರೆ ಆಗುತ್ತೆ, ಇಲ್ಲಾಂದ್ರೆ ಇಲ್ಲ, ನೇರ ಲೆಕ್ಕ. ಕೌಶಲ ಕಮ್ಮಿ ಇದ್ದಾಗ ಆ ಆಪ್ಷನ್ ಪೆದ್ದು ಪೆದ್ದಾಗಿ ಬರೆದಿರುತ್ತೆ, ಬೇಕಂತ್ಲೇ ಒತ್ತಿ ನೋಡಿ, ನಗು ಬರುತ್ತೆ.

ಸೋತಾಗೆಲ್ಲ ಹಳೇ ಸೇವ್ ಲೋಡ್ ಮಾಡೋದು ತಪ್ಪಾ?

ನಿಮ್ಮ ಗೇಮು ನಿಮ್ಮಿಷ್ಟ. ಆದ್ರೆ ಎಲ್ರೂ ಲೋಡ್ ಮಾಡ್ತಿದ್ದಾರೆ ಅಂದ್ರೆ ಡಿಸೈನರ್ ಸೋಲಿನ ಕಡೆಗೆ ಏನೂ ಬರೆದಿಲ್ಲ ಅಂತ ಅರ್ಥ. 2019ರ ಡಿಸ್ಕೋ ಎಲಿಸಿಯಂ ಆಡಿ ನೋಡಿ. ಅದರಲ್ಲಿ ಮಾಮೂಲಿ ಥರದ ಫೈಟೇ ಇಲ್ಲ, 24 ಕೌಶಲಗಳು ಹೀರೋ ತಲೆಯೊಳಗೆ ಕೂತು ಒಂದಕ್ಕೊಂದು ಜಗಳ ಆಡ್ತವೆ. ಕೌಶಲಕ್ಕೆ ದಾಳ ಹಾಕಿ ನೋಡೋ ಪರೀಕ್ಷೆಗೆ ಚೆಕ್ ಅಂತಾರೆ. ಬಿಳಿ ಚೆಕ್ ಸೋತ್ರೆ ಆ ಕೌಶಲ ಏರಿಸಿಕೊಂಡು ಮತ್ತೆ ಪ್ರಯತ್ನ ಮಾಡ್ಬಹುದು, ಕೆಂಪು ಚೆಕ್ ಅಂದ್ರೆ ಒಂದೇ ಚಾನ್ಸು. ಅಲ್ಲಿ ಸೋತ ಸೀನ್‌ಗಳೇ ಎಷ್ಟೋ ಸಲ ಗೆದ್ದಿದ್ದಕ್ಕಿಂತ ಚೆನ್ನಾಗಿವೆ.

ಡಾರ್ಕ್ ಸೋಲ್ಸ್ ದಾರಿ ಬೇರೆ. ಸತ್ರೆ ಕೂಡಿಟ್ಟ ಸೋಲ್ಸ್, ಅಂದ್ರೆ ಅಲ್ಲಿನ ದುಡ್ಡೆಲ್ಲ, ಸತ್ತ ಜಾಗದಲ್ಲೇ ಬಿದ್ದಿರುತ್ತೆ, ಹೋಗಿ ಎತ್ಕೋಬಹುದು, ದಾರೀಲಿ ಮತ್ತೆ ಸತ್ರೆ ಪೂರ್ತಿ ಹೋಯ್ತು. ಕಷ್ಟ ಅಂತ ಹೆಸರು ಬಂದಿದ್ರೂ ನನ್ನ ಪ್ರಕಾರ ಅದು ಕರುಣೆ ಇರೋ ಗೇಮೇ, ಒಂದು ಅವಕಾಶ ಅಂತೂ ಕೊಡುತ್ತೆ.

ಮ್ಯಾಪ್ ದೊಡ್ಡದಾದಷ್ಟೂ ಒಳ್ಳೇದಾ?

ಇಲ್ಲ. 1996ರ ಡ್ಯಾಗರ್‌ಫಾಲ್‌ನಲ್ಲಿ ಊರು, ಹಳ್ಳಿ, ಗುಹೆ ಎಲ್ಲಾ ಸೇರಿ 15 ಸಾವಿರ ಜಾಗ ಇದ್ವು, ಬಹುಪಾಲು ಕಂಪ್ಯೂಟರೇ ಹುಟ್ಟಿಸಿದ್ದು, ಒಂದೂರಿಗೂ ಇನ್ನೊಂದೂರಿಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ. ಅದೇ ಕಂಪನಿ 2002ರ ಮಾರೋವಿಂಡ್‌ಗೆ ಒಂದೇ ದ್ವೀಪ ಇಟ್ಕೊಂಡು ಕೈಯಾರೆ ಕಟ್ಟಿದ್ರು, ಇವತ್ತಿಗೂ ಅದರ ಬೀದಿಗಳು ಆಡಿದೋರಿಗೆ ಬಾಯಿಪಾಠ.

ಮಾರೋವಿಂಡ್‌ನಲ್ಲಿ ಬಾಣದ ಗುರುತೂ ಇರಲ್ಲ. ಸೇತುವೆ ದಾಟಿ ಎಡಕ್ಕೆ ಹೋಗು, ದೊಡ್ಡ ಬಂಡೆ ಸಿಗುತ್ತೆ, ಅಲ್ಲಿಂದ ಪೂರ್ವಕ್ಕೆ ಅನ್ನೋ ಥರ ಜನ ದಾರಿ ಹೇಳ್ತಾರೆ, ನೀವು ಸುತ್ತಮುತ್ತ ನೋಡ್ಕೊಂಡು ನಡೀಬೇಕು. ಈಗಿನ ಎಷ್ಟೋ ಗೇಮಲ್ಲಿ ನೋಡೋದು ಮೂಲೇಲಿರೋ ಮಿನಿಮ್ಯಾಪನ್ನ ಮಾತ್ರ, ಕೋಟಿಗಟ್ಟಲೆ ಸುರಿದು ಮಾಡಿದ ಬೆಟ್ಟ ಕಾಡೆಲ್ಲ ದಂಡ.

ಸೈಡ್ ಕ್ವೆಸ್ಟ್ (ಮುಖ್ಯ ಕಥೆಯ ಪಕ್ಕದಲ್ಲಿ ಸಿಗೋ ಸಣ್ಣ ಕೆಲಸ) ಆಡ್ಬೇಕಾ?

'10 ತೋಳ ಹೊಡ್ಕೊಂಡು ಬಾ' ಅನ್ನೋದಾದ್ರೆ ಬಿಟ್ಟಾಕಿ. ತೋಳ ಯಾರ ಕುರಿ ತಿಂದಿದೆ, ಅದನ್ನ ಸಾಕಿದ್ದು ಯಾರು ಅಂತ ಹೋಗ್ತಾ ಹೋಗ್ತಾ ಬಿಚ್ಕೊಳ್ಳೋದಾದ್ರೆ ಆಡಿ. ವಿಚರ್ 3 ಹೆಸರು ಮಾಡಿದ್ದೇ ಇಂಥವುಗಳಿಂದ.

ಜೊತೆಗಿರೋ ಪಾತ್ರಗಳು ಬೇಕೇ ಬೇಕಾ?

ನಂಗಂತೂ ಬೇಕು, ನೀವು ಮಾಡಿದ್ದನ್ನ ಗಮನಿಸೋಕೆ ಅವರಿಗಿಂತ ಒಳ್ಳೇ ಕಣ್ಣು ಇಲ್ಲ. 2010ರ ಮಾಸ್ ಎಫೆಕ್ಟ್ 2ರಲ್ಲಿ ಒಬ್ಬೊಬ್ರದ್ದೂ ಒಂದೊಂದು ಸ್ವಂತ ಕೆಲಸ ಇರುತ್ತೆ, ಅದಕ್ಕೆ ನೆರವಾದ್ರಾ ಇಲ್ವಾ, ಕೊನೇ ಮಿಷನ್‌ನಲ್ಲಿ ಯಾರನ್ನ ಯಾವ ಕೆಲಸಕ್ಕೆ ಕಳಿಸಿದ್ರಿ ಅನ್ನೋದರ ಮೇಲೆ ಅವರು ಬದುಕ್ತಾರೋ ಸಾಯ್ತಾರೋ ನಿರ್ಧಾರ ಆಗುತ್ತೆ. ಅಷ್ಟು ದಿನ ಮಾತಾಡಿಸಿದ್ದಕ್ಕೂ ಬೆಲೆ ಬಂತಲ್ಲ.

ಬ್ಯಾಗಲ್ಲಿ ತೂಕದ ಮಿತಿ ಯಾಕಿಡ್ತಾರೆ? ಕಿರಿಕಿರಿ.

ಯಾವುದನ್ನ ತಗೊಳ್ಲಿ ಯಾವುದನ್ನ ಬಿಡ್ಲಿ ಅಂತ ಯೋಚನೆ ಮಾಡ್ಸೋಕೆ. ಆದ್ರೆ ಸ್ಕೈರಿಮ್‌ನಲ್ಲಿ 300ಕ್ಕೆ ಶುರುವಾಗೋ ಮಿತಿ ತುಂಬಿದ್ಮೇಲೆ ಮಾಡೋದು ಯೋಚನೆ ಅಲ್ಲ, ಆಮೆ ಥರ ನಡ್ಕೊಂಡು ಅಂಗಡಿಗೆ ಹೋಗೋದು. ಕಿರಿಕಿರಿ ಅನ್ನೋದು ಒಪ್ತೀನಿ.

ಕರೆಂಟ್ ಹೋದ್ರೆ ಆಡಿದ್ದೆಲ್ಲ ಹೋಗುತ್ತೆ, ಇದಕ್ಕೂ ಡಿಸೈನ್‌ಗೂ ಸಂಬಂಧ ಇದ್ಯಾ?

ತುಂಬಾ ಇದೆ, ಊರ ಕಡೆ ಡೆಸ್ಕ್‌ಟಾಪಲ್ಲಿ ಆಡೋರಿಗೇ ಇದು ಅರ್ಥ ಆಗೋದು. ಸೇವ್ ಪಾಯಿಂಟಲ್ಲಿ ಮಾತ್ರ ಸೇವ್ ಮಾಡೋ ಹಳೇ ಜಪಾನೀ ಗೇಮ್‌ಗಳಲ್ಲಿ ಒಂದು ಟೆನ್ಷನ್ ಇರುತ್ತೆ, ಅದು ಬೇಕಂತ್ಲೇ ಇಟ್ಟಿದ್ದು, ಮುಂದೆ ಸೇವ್ ಪಾಯಿಂಟ್ ಕಂಡ್ರೆ ಬಾಸ್ (ದೊಡ್ಡ ಶತ್ರು) ಹತ್ರ ಬಂದ್ವಿ ಅಂತ ಎದೆ ಢವಢವ ಅನ್ನುತ್ತೆ. ಆದ್ರೆ ಸಂಜೆ ಯಾವಾಗ ಪವರ್ ಕಟ್ ಆಗುತ್ತೋ ಗೊತ್ತಿಲ್ದಿರೋರಿಗೆ ಆಟೋಸೇವ್ ಇಲ್ಲದ ಗೇಮು ಶಿಕ್ಷೆ. ಅದಕ್ಕಿಂತ ದೊಡ್ಡ ಶಿಕ್ಷೆ ಬಾಸ್ ಫೈಟಿಗೆ ಮುಂಚೆ ಸ್ಕಿಪ್ ಮಾಡೋಕಾಗದ ಉದ್ದದ ಸೀನು, 2001ರ ಫೈನಲ್ ಫ್ಯಾಂಟಸಿ 10 ಆಡಿದೋರನ್ನ ಕೇಳಿ, ಸೋತಾಗೆಲ್ಲ ಅದೇ ಮಾತು ಮತ್ತೆ ಕೇಳ್ಬೇಕು.

ಇನ್ನೊಂದು, ಯಾರೂ ಹೊಗಳದ ಫೀಚರ್: ನೆನಪಿಸೋದು. ಎಕ್ಸಾಮು, ಊರ ಹಬ್ಬ, ತಂಗಿ ಮದುವೆ ಅಂತ ತಿಂಗಳು ಬಿಟ್ಟು ಬಂದ್ರೆ ನಾವ್ಯಾರು ಎಲ್ಲಿಗೆ ಹೊರಟಿದ್ವಿ ಒಂದೂ ತಲೇಲಿರಲ್ಲ. ಡ್ರ್ಯಾಗನ್ ಕ್ವೆಸ್ಟ್ 11 ಲೋಡ್ ಮಾಡಿದಾಗೆಲ್ಲ ಇಲ್ಲಿವರೆಗಿನ ಕಥೆನ ಚುಟುಕಾಗಿ ಹೇಳುತ್ತೆ, ವಿಚರ್ 3 ಲೋಡಿಂಗ್ ಹೊತ್ತಲ್ಲೇ ಹೇಳಿ ಮುಗಿಸುತ್ತೆ. ಎಲ್ಲಾ ಗೇಮಲ್ಲೂ ಇದು ಇರ್ಬೇಕಪ್ಪಾ.

ಗೆನ್ಶಿನ್ ಥರ ಫ್ರೀ ಗೇಮ್‌ಗಳು? ಫ್ರೀ ಅಲ್ವಾ, ಏನ್ ತೊಂದ್ರೆ?

2020ರ ಗೆನ್ಶಿನ್ ಇಂಪ್ಯಾಕ್ಟ್ ಓಡಾಡೋಕೆ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಹೆಚ್ಚಿನ ಪಾತ್ರಗಳು ಬರೋದು ಲಾಟರೀಲಿ. ಐದು ಸ್ಟಾರ್ ಪಾತ್ರ ಸಿಗೋ ಮೂಲ ಚಾನ್ಸ್ 0.6%, ಸಿಗದೇ ಹೋದ್ರೆ 90ನೇ ಸಲಕ್ಕೆ ಖಂಡಿತ ಒಂದು ಕೊಡ್ತಾರೆ, ಅದೂ ನಿಮಗೆ ಬೇಕಾದ ಪಾತ್ರನೇ ಅಂತ ಗ್ಯಾರಂಟಿ ಇಲ್ಲ. ನನ್ನ ತಕರಾರು ದುಡ್ಡಿಂದು ಮಾತ್ರ ಅಲ್ಲ. ನಿಮ್ಮ ಪಾತ್ರ ಯಾವುದು ಅನ್ನೋದು ನೀವು ಆಡಿದ್ರಿಂದ ಬರ್ಬೇಕು, ಅದನ್ನ ಜೇಬಿಗೂ ಅದೃಷ್ಟಕ್ಕೂ ಬಿಟ್ರೆ ಗೇಮ್ ಗಮನಿಸ್ತಿರೋದು ನಿಮ್ಮನ್ನಲ್ಲ, ನಿಮ್ಮ ಯುಪಿಐನ.

ಹಳೇ ಲ್ಯಾಪ್‌ಟಾಪ್ ಇದೆ, ಎಲ್ಲಿಂದ ಶುರು ಮಾಡ್ಲಿ?

ಅಂಡರ್‌ಟೇಲ್, ಸ್ಟಾರ್‌ಡ್ಯೂ ವ್ಯಾಲಿ ಎರಡೂ ಯಾವ ಡಬ್ಬಾ ಮೆಷಿನ್ನಲ್ಲೂ ಓಡ್ತವೆ. ಸ್ಟಾರ್‌ಡ್ಯೂ 2016ರದ್ದು, ಎರಿಕ್ ಬರೋನ್ ಅಂತ ಒಬ್ಬನೇ ನಾಲ್ಕು ವರ್ಷಕ್ಕೂ ಮೇಲೆ ಕೂತು ಮಾಡಿದ್ದು, ಹೊಲ ಉಳೋದು, ಊರವರನ್ನ ಮಾತಾಡಿಸೋದು. ಅದು ಮೊಬೈಲಲ್ಲೂ ಇದೆ, ಕ್ರೋನೋ ಟ್ರಿಗರ್ ಕೂಡ ಇದೆ. ಸ್ವಲ್ಪ ಗ್ರಾಫಿಕ್ಸ್ ಕಾರ್ಡ್ ಇದ್ರೆ ನ್ಯೂ ವೆಗಾಸ್. ಆಫರ್ ಬರೋವರೆಗೂ ಕಾಯಿರಿ, ಹಳೇ ಗೇಮ್‌ಗಳು ಬಿರಿಯಾನಿ ರೇಟಿಗೆ ಸಿಗ್ತವೆ.

ಕನ್ನಡದಲ್ಲಿ, ನಮ್ಮ ಕಡೆ ಕಥೆ ಇಟ್ಕೊಂಡು ಆರ್‌ಪಿಜಿ ಮಾಡ್ಬಹುದಾ?

ಮಾಡ್ಬಹುದು, ತುಮಕೂರಿನ ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜ್ ಕಡೆ ಹುಡುಗ್ರು ಇದನ್ನ ಆಗಾಗ ಕೇಳ್ತಾರೆ. ಮೊದಲ ಅಡ್ಡಿ ಅಕ್ಷರದ್ದು. ಎಷ್ಟೋ ಎಂಜಿನ್‌ಗಳಲ್ಲಿ (ಗೇಮ್ ಕಟ್ಟೋ ಸಾಫ್ಟ್‌ವೇರ್) ಒತ್ತಕ್ಷರ ಒಡೆದು ಹೋಗುತ್ತೆ, 'ರಾಷ್ಟ್ರ' ಅಂತ ಟೈಪ್ ಮಾಡಿದ್ರೆ ಒತ್ತುಗಳೆಲ್ಲ ಬೀದಿಗೆ ಬಿದ್ದಂಗೆ ಕಾಣುತ್ತೆ. ಗೋಡೋ ಅನ್ನೋ ಫ್ರೀ ಎಂಜಿನ್ನಿನ 4ನೇ ಆವೃತ್ತಿ 2023ರಲ್ಲಿ ಬಂದ್ಮೇಲೆ ಇದು ಸರಿಹೋಯ್ತು, ಒಂದು ಯೂನಿಕೋಡ್ ಫಾಂಟ್ ಹಾಕಿ ನೋಡಿ. ಬರೀ ಓದಿ ಆಯ್ಕೆ ಮಾಡೋ ಥರದ್ದಾದ್ರೆ ಟ್ವೈನ್ ಅನ್ನೋ ಟೂಲ್ ಸಾಕು, ಬ್ರೌಸರಲ್ಲೇ ಓಡುತ್ತೆ, ಕೋಡಿಂಗ್ ಹೆಚ್ಚೇನೂ ಬೇಡ.

ಎರಡನೇದು ಅಡ್ಡಿನೂ ಹೌದು, ಅವಕಾಶನೂ ಹೌದು. ಇಂಗ್ಲಿಷಲ್ಲಿ ಎಲ್ರಿಗೂ ಒಂದೇ 'ಯೂ' ನಡೆಯುತ್ತೆ. ನಮ್ಮಲ್ಲಿ ಸಿರಾ ಸಂತೇಲಿ ವ್ಯಾಪಾರಿ ಹೊಸಬನನ್ನ 'ಏನೋ, ಏನ್ ಬೇಕೋ' ಅಂತಾನಾ, 'ಬನ್ನಿ ಸಾರ್' ಅಂತಾನಾ, 'ಬಾರಮ್ಮ' ಅಂತಾನಾ? ಇದನ್ನೇ ರೆಪ್ಯುಟೇಷನ್ ಸಿಸ್ಟಮ್ (ಜನರಲ್ಲಿ ನಿಮ್ಮ ಹೆಸರು ಹೇಗಿದೆ ಅಂತ ತೋರಿಸೋ ವ್ಯವಸ್ಥೆ) ಮಾಡಿ. ಮೀಟರ್ರು, ನಕ್ಷತ್ರ ಏನೂ ಬೇಡ. ಶುರುವಲ್ಲಿ ಏಕವಚನದಲ್ಲಿ ಗದರಿಸ್ತಿದ್ದ ಗೌಡ್ರು ಒಂದಿನ ನಿಮ್ಮನ್ನ ಬಹುವಚನದಲ್ಲಿ ಕರೆದ್ರೆ ಆಡೋರಿಗೆ ತಕ್ಷಣ ಗೊತ್ತಾಗುತ್ತೆ, ಗೆಳೆಯನಾಗಿದ್ದೋನು ದಿಢೀರಂತ 'ನೀವು' ಅಂದ್ರೆ ಏನೋ ಕೆಟ್ಟಿದೆ ಅಂತನೂ ಗೊತ್ತಾಗುತ್ತೆ. ಬರೆಯೋ ಕೆಲಸ ಜಾಸ್ತಿ, ಒಂದೊಂದು ಸಾಲಿಗೆ ಮೂರ್ನಾಲ್ಕು ರೂಪ ಬೇಕು, ಆದ್ರೆ ಬೇರೆಯವರು ಸುಲಭಕ್ಕೆ ಮಾಡಕ್ಕಾಗದ ಫೀಚರ್ ಇದು.

ಜಾಗಕ್ಕೇನೂ ಬರ ಇಲ್ಲ. ಮಧುಗಿರಿ ಕೋಟೆ ನೋಡಿ, ಅಂತರಾಳ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಗೇಟು ಅಂತ ಒಂದೊಂದೇ ದಾಟ್ಕೊಂಡು ಏಕಶಿಲೆ ಹತ್ಬೇಕು, ಲೆವೆಲ್ ಡಿಸೈನ್ ಆಗ್ಲೇ ಮಾಡಿಟ್ಟಿದ್ದಾರೆ. ದೇವರಾಯನದುರ್ಗದಲ್ಲಿ ಜಯಮಂಗಲಿ ಹುಟ್ಟುತ್ತೆ, ಹತ್ರದಲ್ಲೇ ನಾಮದ ಚಿಲುಮೆ. ಆದ್ರೆ ಇಡೀ ಜಿಲ್ಲೆ ಮ್ಯಾಪ್ ಮಾಡೋಕೆ ಹೊರಡ್ಬೇಡಿ. ಒಂದು ಸಂತೆ, ಐದು ಜನ, ಮೂರು ಸಣ್ಣ ಜಗಳ, ಸಂಜೆಗೆ ಒಂದು ಪಂಚಾಯ್ತಿ ಕಟ್ಟೆ. ಬೆಳಗ್ಗೆಯಿಂದ ಆಡಿದೋರು ಏನೇನ್ ಮಾಡಿದ್ರು ಅಂತ ಆ ಐದೂ ಜನಕ್ಕೆ ನೆನಪಿರ್ಬೇಕು, ಮೊದಲ ಆವೃತ್ತಿಗೆ ಅಷ್ಟೇ ಸಾಕು, ಮಾಡಿದ್ರೆ ನಂಗೂ ಕಳಿಸಿ, ಆಡ್ತೀನಿ.